ಉಚ್ಚಾರವಿಲ್ಲದ ನಗು

ಮೂಕಿ ಕಾಲದ ಹಾಸ್ಯಚಿತ್ರಗಳ ಬಗ್ಗೆ ಬರೆಯುವವರೆಲ್ಲ ಒಂದು ಮಾತನ್ನು ಹೇಳದೆ ಬಿಡುವುದಿಲ್ಲ: ನಗುವಿಗೆ ಭಾಷೆ ಇಲ್ಲ, ಗಡಿ ಇಲ್ಲ. ಕೇಳಲು ಹಿತವಾದ ಮಾತು. ಹೊರನಾಡಿನ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳು ಇದನ್ನು ಹೇಳಿದರೆ ಚಪ್ಪಾಳೆಯೂ ಬೀಳುತ್ತದೆ. ಆದರೆ ಊರು ಬಿಟ್ಟು ಇಪ್ಪತ್ತು ಮೂವತ್ತು ವರ್ಷ ಬೇರೆ ಭಾಷೆಯವರ ನಡುವೆ ಕಳೆದವರಿಗೆ ಇದು ಪೂರ್ತಿ ನಿಜ ಅಲ್ಲ ಅಂತ ಗೊತ್ತು. ನಗುವಿಗೆ ಭಾಷೆ ಇದೆ, ಉಚ್ಚಾರವೂ ಇದೆ. ಎಷ್ಟೋ ಸಲ ಆ ಉಚ್ಚಾರ ನಮ್ಮದೇ ಆಗಿರುತ್ತದೆ.

'ಪಡೋಸನ್' ನೆನಪು ಮಾಡಿಕೊಳ್ಳಿ. 1968ರ ಹಿಂದಿ ಚಿತ್ರ. ಅದರಲ್ಲಿ ಮೆಹಮೂದ್ ಮಾಡಿದ ಸಂಗೀತದ ಮೇಷ್ಟ್ರು ಮಾಸ್ಟರ್ ಪಿಳ್ಳೈಯನ್ನು ನೋಡಿ ಇಡೀ ಉತ್ತರ ಭಾರತ ಬಿದ್ದು ಬಿದ್ದು ನಕ್ಕಿತು. ನಾವೂ ನಕ್ಕೆವು, ಸುಳ್ಳು ಯಾಕೆ ಹೇಳಬೇಕು. ಆದರೆ ಕಥೆಯನ್ನು ಸ್ವಲ್ಪ ಬಿಡಿಸಿ ನೋಡಿ. ಪಿಳ್ಳೈ ನಿಜಕ್ಕೂ ಹಾಡಬಲ್ಲವನು, ವಿದ್ಯೆ ಕಲಿತವನು. ಎದುರು ಕಿಟಕಿಯ ನಾಯಕನಿಗೆ ಹಾಡಲು ಬರುವುದಿಲ್ಲ. ಹಿಂದೆ ಅಡಗಿ ಕೂತ ಗೆಳೆಯನ ದನಿಗೆ ಇವನು ತುಟಿ ಅಲ್ಲಾಡಿಸುತ್ತಾನೆ. ಆದರೂ ನಾವು ನಗಬೇಕಾದದ್ದು ಹಾಡು ಬಲ್ಲವನನ್ನು ನೋಡಿ! ಯಾಕೆಂದರೆ ಅವನ ಹಿಂದಿ ಸರಿಯಿಲ್ಲ. ಅದೇ 'ಮದ್ರಾಸಿ' ಅನ್ನುವ ಚೀಟಿಯನ್ನು ದೆಹಲಿಯಲ್ಲಿ, ಮುಂಬಯಿಯಲ್ಲಿ ಕನ್ನಡಿಗರ ಬೆನ್ನಿಗೂ ಅಂಟಿಸಿದರು. ನಾವು ಮದ್ರಾಸು ನೋಡಿರುವುದು ಬೇಕಾಗಿರಲಿಲ್ಲ. ಬಸ್ಸು ಗಂಡೋ ಹೆಣ್ಣೋ ಅಂತ ಹುಟ್ಟಾ ಕನ್ನಡಿಗನಿಗೆ ಯಾಕೆ ಗೊತ್ತಿರಬೇಕು ಹೇಳಿ? ನಮ್ಮಲ್ಲಿ ಅದು 'ಅದು' ಅಷ್ಟೇ. ಆದರೆ ಆ ಒಂದು ಕ್ರಿಯಾಪದ ಜಾರಿದರೆ ಸಾಕು, ಕಚೇರಿಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ನಾಲ್ಕು ಜನರ ಬಾಯಲ್ಲಿ ಅದೇ ಅಣಕ.

ಈ ಹಿನ್ನೆಲೆಯಲ್ಲಿ ನೋಡಿದಾಗ 1914ರಿಂದ 1929ರವರೆಗೆ ಅಮೆರಿಕದಲ್ಲಿ ತಯಾರಾದ ಆ ಸಣ್ಣ ಸಣ್ಣ ಹಾಸ್ಯಚಿತ್ರಗಳು ನನಗೆ ಬೇರೆಯಾಗಿ ಕಾಣತೊಡಗಿದವು. ಹೆಚ್ಚಿನವು ಎರಡು ರೀಲಿನವು, ಇಪ್ಪತ್ತು ಇಪ್ಪತ್ತೈದು ನಿಮಿಷದವು. ದೊಡ್ಡ ಚಿತ್ರಕ್ಕೆ ಮುಂಚೆ ತೋರಿಸಲು ಮಾಡಿದ ಸರಕು. ಆದರೆ ಮಾತಿಲ್ಲದ್ದರಿಂದ ಅಲ್ಲಿ ನಟನಿಗೆ ಇನ್ನೊಬ್ಬನ ಉಚ್ಚಾರ ಅಣಕಿಸುವ ಸುಲಭದ ದಾರಿ ಮುಚ್ಚಿತ್ತು. ಹಾಗಾಗಿ ನಗುವನ್ನು ಬೇರೆ ಕಡೆ ಹುಡುಕಬೇಕಾಯಿತು: ಟೊಪ್ಪಿಯಲ್ಲಿ, ಬಾಗಿಲಲ್ಲಿ, ಏಣಿಯಲ್ಲಿ, ತೂತು ಬಿದ್ದ ಜೇಬಿನಲ್ಲಿ. ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ದೊಡ್ಡ ಊರಿಗೆ ಹೊಸದಾಗಿ ಬಂದವನ ಪಾಡು. ಇರಲು ಒಂದು ಕೋಣೆ, ಹೊಟ್ಟೆಗೆ ಒಂದು ಊಟ, ಮಾಡಲು ಒಂದು ಕೆಲಸ, ಮೂಲೆಯಲ್ಲಿ ಲಾಠಿ ಹಿಡಿದು ನಿಂತ ಪೊಲೀಸ. ಈ ನಾಲ್ಕನ್ನು ತೆಗೆದುಬಿಟ್ಟರೆ ಆ ಕಾಲದ ಅರ್ಧಕ್ಕರ್ಧ ಹಾಸ್ಯಚಿತ್ರಗಳಲ್ಲಿ ಉಳಿಯುವುದು ಬರೀ ಕೇಕು ಎರಚಾಟ. ಕೇಕಿನ ಚಿತ್ರಗಳನ್ನು ನೀವು ನೋಡದಿದ್ದರೂ ನಷ್ಟವಿಲ್ಲ.

ಮೊದಲು ನೋಡಬೇಕಾದದ್ದು ಚಾರ್ಲಿ ಚಾಪ್ಲಿನ್‌ನ 'ದಿ ಇಮಿಗ್ರೆಂಟ್', 1917ರದ್ದು. ಮ್ಯೂಚುವಲ್ ಕಂಪನಿಗೆ ಅವನು 1916-17ರಲ್ಲಿ ಮಾಡಿಕೊಟ್ಟ ಹನ್ನೆರಡು ಚಿತ್ರಗಳಲ್ಲಿ ಇದೂ ಒಂದು. ಅರ್ಧ ಚಿತ್ರ ಹಡಗಿನಲ್ಲಿ, ಅರ್ಧ ಒಂದು ಸಾಧಾರಣ ಊಟದ ಹೋಟೆಲಿನಲ್ಲಿ. ಶುರುವಿನಲ್ಲಿ ಹಡಗಿನ ಕಟಕಟೆಯ ಮೇಲೆ ಚಾರ್ಲಿ ಬಾಗಿದ್ದಾನೆ, ಬೆನ್ನು ಮಾತ್ರ ಕಾಣುತ್ತಿದೆ, ಕಾಲು ಒದ್ದಾಡುತ್ತಿವೆ. ಸುತ್ತ ಎಲ್ಲರೂ ಹೊಟ್ಟೆ ತೊಳಸಿ ಬಿದ್ದಿರುವುದರಿಂದ ಇವನೂ ವಾಂತಿ ಮಾಡುತ್ತಿದ್ದಾನೆ ಅಂತ ನಾವು ತೀರ್ಮಾನ ಮಾಡಿಬಿಡುತ್ತೇವೆ. ತಿರುಗಿ ನಿಂತರೆ ಕೈಯಲ್ಲಿ ಒಂದು ಮೀನು! ಬಡವನ ಬೆನ್ನು ನೋಡಿ ಅವನ ಕಥೆ ಊಹಿಸುವವರಿಗೆ ಇದು ಮೊದಲ ಏಟು.

ಸ್ವಲ್ಪ ಹೊತ್ತಿಗೆ ಸ್ವಾತಂತ್ರ್ಯದೇವಿಯ ಪ್ರತಿಮೆ ಕಾಣುತ್ತದೆ. ಸ್ವಾತಂತ್ರ್ಯದ ನಾಡಿಗೆ ಬಂದು ತಲುಪಿದರು ಎಂದು ಒಂದು ಬರಹ ಬರುತ್ತದೆ. ಅದರ ಬೆನ್ನಿಗೇ ಅಧಿಕಾರಿಗಳು ಬಂದು ಆ ಜನರನ್ನೆಲ್ಲ ದನಗಳ ಹಾಗೆ ಒಂದು ಹಗ್ಗದ ಹಿಂದೆ ದಬ್ಬುತ್ತಾರೆ. ಚಾರ್ಲಿ ಸಮಯ ನೋಡಿ ಒಬ್ಬ ಅಧಿಕಾರಿಯ ಹಿಂಭಾಗಕ್ಕೆ ಒಂದು ಒದೆ ಕೊಡುತ್ತಾನೆ. ಭಾಷಣ ಇಲ್ಲ, ಅಳು ಇಲ್ಲ, ಬರೀ ಒಂದು ಹಗ್ಗ ಮತ್ತು ಒಂದು ಒದೆ. ವಲಸೆಯ ಮೇಲೆ ದಪ್ಪ ದಪ್ಪ ಪುಸ್ತಕ ಬರೆದವರು ಇದನ್ನು ಇಷ್ಟು ಚೊಕ್ಕವಾಗಿ ಹೇಳಿದ್ದನ್ನು ನಾನಂತೂ ಓದಿಲ್ಲ.

ಆದರೆ ನಿಜವಾದ ಚಿತ್ರ ಇರುವುದು ಹೋಟೆಲಿನಲ್ಲಿ. ಹೊರಗೆ ರಸ್ತೆಯಲ್ಲಿ ಸಿಕ್ಕಿದ ಒಂದು ನಾಣ್ಯವನ್ನು ನಂಬಿಕೊಂಡು ಚಾರ್ಲಿ ಒಳಗೆ ಬರುತ್ತಾನೆ; ಅದು ಜೇಬಿನ ತೂತಿನಿಂದ ಆಗಲೇ ಕೆಳಗೆ ಬಿದ್ದಿದೆ, ಅವನಿಗೆ ಗೊತ್ತಿಲ್ಲ. ಒಂದು ತಟ್ಟೆ ಅವರೆಕಾಳಿನಂಥದ್ದೇನೋ ತರಿಸಿಕೊಂಡು ಚಾಕುವಿನಲ್ಲಿ ಒಂದೊಂದೇ ಕಾಳು ತಿನ್ನುತ್ತಾನೆ. ಹಡಗಿನಲ್ಲಿ ಕಂಡಿದ್ದ ಹುಡುಗಿ ಅಲ್ಲಿ ಸಿಗುತ್ತಾಳೆ. ಆಗಲೇ ಪಕ್ಕದ ಗಿರಾಕಿಯೊಬ್ಬನನ್ನು ಆಳುಗಳೆಲ್ಲ ಸೇರಿ ಬಡಿದು ಹೊರಗೆ ಹಾಕುತ್ತಾರೆ. ಏನು ತಪ್ಪು? ಬಿಲ್ಲಿಗೆ ಹತ್ತು ಸೆಂಟು ಕಡಿಮೆ ಬಿತ್ತು. ಎರಿಕ್ ಕ್ಯಾಂಬೆಲ್ ಎಂಬ ಆಜಾನುಬಾಹು ಆ ಹೋಟೆಲಿನ ಮಾಣಿ, ಅವನ ಹುಬ್ಬು ನೋಡಿದರೇ ಜ್ವರ ಬರಬೇಕು. ಅಲ್ಲಿಂದ ಮುಂದೆ ಒಂದು ಬಿಡಿ ನಾಣ್ಯದ ಹಿಂದೆ ಇಡೀ ಚಿತ್ರ ಓಡುತ್ತದೆ. ಬೇರೆ ಗಿರಾಕಿ ಕೊಟ್ಟ ನಾಣ್ಯ ಮಾಣಿಯ ಜೇಬಿನಿಂದಲೂ ಜಾರಿ ನೆಲಕ್ಕೆ ಬೀಳುತ್ತದೆ (ಬಡವನ ಜೇಬಿಗೂ ಬಡಿಯುವವನ ಜೇಬಿಗೂ ಒಂದೇ ತೂತು), ಚಾರ್ಲಿ ಅದರ ಮೇಲೆ ಕಾಲಿಟ್ಟು ಕೂರುತ್ತಾನೆ, ಕೊನೆಗೂ ಎತ್ತಿಕೊಂಡು ಜಂಬದಿಂದ ಬಿಲ್ಲಿಗೆ ಕೊಟ್ಟರೆ ಅದು ಖೋಟಾ!

ಇದೇ ಹೋಟೆಲಿನಲ್ಲಿ ಇನ್ನೆರಡು ಗಳಿಗೆಗಳಿವೆ. ಒಂದು, ಹುಡುಗಿಯ ಕೈಯಲ್ಲಿರುವ ಕರವಸ್ತ್ರದ ಅಂಚು ಕಪ್ಪು. ಚಾರ್ಲಿ ಅದನ್ನು ನೋಡುತ್ತಾನೆ, ಹಡಗಿನಲ್ಲಿ ಜೊತೆಗಿದ್ದ ಅವಳ ತಾಯಿ ಸತ್ತಿದ್ದಾಳೆ ಅಂತ ಅವನಿಗೂ ನಮಗೂ ಒಟ್ಟಿಗೆ ತಿಳಿಯುತ್ತದೆ. ಅಕ್ಷರದ ಬರಹ ಒಂದೂ ಇಲ್ಲ. ಇನ್ನೊಂದು, ಪಕ್ಕದ ಮೇಜಿನ ಚಿತ್ರಕಲಾವಿದ ಇವರ ಬಿಲ್ಲನ್ನು ತಾನೇ ಕೊಡುತ್ತೇನೆ ಅನ್ನುತ್ತಾನೆ. ಚಾರ್ಲಿ ಮರ್ಯಾದೆಗೆ ಬೇಡ ಅನ್ನುತ್ತಾನೆ. ಅವನು ಮತ್ತೆ ಅನ್ನುತ್ತಾನೆ, ಇವನು ಮತ್ತೆ ಬೇಡ ಅನ್ನುತ್ತಾನೆ. ಹೀಗೆ ಒಂದು ಸಲ ಜಾಸ್ತಿ 'ಬೇಡ' ಅಂದದ್ದೇ ತಡ, ಅವನು ಸುಮ್ಮನಾಗಿಬಿಡುತ್ತಾನೆ. ಹೊಟ್ಟೆ ಚುರುಗುಟ್ಟುತ್ತಿದ್ದರೂ 'ಊಟ ಆಗಿದೆ, ಪರವಾಗಿಲ್ಲ' ಅನ್ನುವ ನಮ್ಮ ಕಡೆಯ ಉಪಚಾರದ ಮಾತು ಗೊತ್ತಿದ್ದವರಿಗೆ ಈ ದೃಶ್ಯ ಎದೆಗೇ ನಾಟುತ್ತೆ.

1983ರಲ್ಲಿ ಕೆವಿನ್ ಬ್ರೌನ್‌ಲೋ ಮತ್ತು ಡೇವಿಡ್ ಗಿಲ್ ಮಾಡಿದ 'ಅನ್‌ನೋನ್ ಚಾಪ್ಲಿನ್' ಸಾಕ್ಷ್ಯಚಿತ್ರದಲ್ಲಿ ಚಾಪ್ಲಿನ್ ಬಿಸಾಡಿದ ಚಿತ್ರೀಕರಣದ ತುಣುಕುಗಳಿವೆ. ಅದರಿಂದ ತಿಳಿಯುವ ಸಂಗತಿ ಬಹಳ ಕುತೂಹಲದ್ದು. ಮೊದಲು ಹಡಗೂ ಇರಲಿಲ್ಲ, ವಲಸೆಯೂ ಇರಲಿಲ್ಲ. ಇದ್ದದ್ದು ಹೋಟೆಲಿನ ತಮಾಷೆ ಮಾತ್ರ. ಕಾಸಿಲ್ಲದೆ ಊಟಕ್ಕೆ ಕೂತ ಈ ಗಂಡು ಹೆಣ್ಣು ಎಲ್ಲಿಂದ ಬಂದವರು ಅನ್ನುವ ಪ್ರಶ್ನೆಗೆ ಉತ್ತರವಾಗಿ ಹಡಗಿನ ಭಾಗ ಆಮೇಲೆ ಹುಟ್ಟಿತು. ಅಂದರೆ ಅವನು 'ವಲಸೆಗಾರರ ಸಮಸ್ಯೆ' ಅನ್ನುವ ವಿಷಯ ಹಿಡಿದು ಹೊರಟವನಲ್ಲ. ಬಿಲ್ಲಿನಿಂದ ಹಿಂದಕ್ಕೆ ನಡೆಯುತ್ತ ವಲಸೆಗೆ ಬಂದು ಮುಟ್ಟಿದವನು. ನಮ್ಮ ಹೊರನಾಡ ಬರಹಗಾರರಲ್ಲಿ ಹಲವರು (ನನ್ನನ್ನೂ ಸೇರಿಸಿ) ತಾಯ್ನಾಡು, ಬೇರು, ಹಂಬಲ ಅಂತ ಶುರುಮಾಡಿ ಹೋಟೆಲಿನ ಬಿಲ್ಲಿಗೆ ಬಂದು ಮುಟ್ಟುವುದೇ ಇಲ್ಲ.

ಚಾಪ್ಲಿನ್ ತಾನೇ ವಲಸೆಗಾರ. ಲಂಡನ್ನಿನವನು, 1910ರಲ್ಲಿ ಫ್ರೆಡ್ ಕಾರ್ನೋನ ನಾಟಕ ಕಂಪನಿಯ ಜೊತೆ ಅಮೆರಿಕಕ್ಕೆ ಹೋದವನು. ಅಷ್ಟು ವರ್ಷ ಅಲ್ಲಿದ್ದರೂ ಅಲ್ಲಿಯ ಪೌರತ್ವ ತೆಗೆದುಕೊಳ್ಳಲಿಲ್ಲ. 1952ರಲ್ಲಿ ಹಡಗು ಹತ್ತಿ ಲಂಡನ್ನಿಗೆ ಹೊರಟಾಗ ಅವನು ಮರಳಿ ಬರುವ ಪರವಾನಗಿಯನ್ನೇ ಅಮೆರಿಕ ಸರ್ಕಾರ ರದ್ದು ಮಾಡಿತು. ಹೊರಗಿನವ ಅನ್ನುವ ಹಣೆಪಟ್ಟಿ ಅವನನ್ನು ನಮ್ಮ ಕಡಲತೀರದವರೆಗೂ ಹಿಂಬಾಲಿಸಿತು ನೋಡಿ! 2009ರಲ್ಲಿ ಬೈಂದೂರಿನ ಹತ್ತಿರ ಒಂದು ಚಿತ್ರೀಕರಣಕ್ಕಾಗಿ ಚಾಪ್ಲಿನ್‌ನ 67 ಅಡಿ ಎತ್ತರದ ಪ್ರತಿಮೆ ನಿಲ್ಲಿಸಲು ಹೊರಟಾಗ, ಅವನು ಕ್ರೈಸ್ತ, ಇಲ್ಲಿ ಬೇಡ ಅಂತ ಕೆಲವರು ವಿರೋಧ ಮಾಡಿದರು. ಮುಂಬಯಿಯಲ್ಲಿ 1960ರ ದಶಕದ ಕೊನೆಗೆ ದಕ್ಷಿಣದವರ ಹೋಟೆಲುಗಳ ಮೇಲೆ ಕಲ್ಲು ಬಿದ್ದಾಗ ನಮ್ಮ ಉಡುಗೆಯನ್ನೇ, ಲುಂಗಿಯನ್ನೇ, ಗೇಲಿಯ ಗುರುತು ಮಾಡಿದ್ದರು. ಅದನ್ನು ಕಂಡವರಿಗೆ ಬೈಂದೂರಿನ ಸುದ್ದಿ ಓದಿ ನಗು ಬಂದಿರಲಾರದು.

ಚಾಪ್ಲಿನ್ ಎಲ್ಲರಿಗೂ ಗೊತ್ತು. ಬಸ್ಟರ್ ಕೀಟನ್ ಅಷ್ಟು ಗೊತ್ತಿಲ್ಲ, ಅದು ಅನ್ಯಾಯ. ಚಾಪ್ಲಿನ್ ನಮ್ಮ ಕಣ್ಣಲ್ಲಿ ಕಣ್ಣಿಟ್ಟು 'ನನ್ನ ಪಾಡು ನೋಡಿದ್ರಾ' ಅನ್ನುತ್ತಾನೆ. ಕೀಟನ್ ಹಾಗೆ ಕೇಳುವುದೇ ಇಲ್ಲ. ಅವನ ಮುಖದಲ್ಲಿ ನಗುವಿಲ್ಲ, ಗೋಳಿಲ್ಲ. ಏನೇ ಬಿದ್ದರೂ ಮುಂದಿನ ಕೆಲಸ ಏನು ಅಂತ ನೋಡುವ ಮುಖ. ಪರಸ್ಥಳದಲ್ಲಿ ಸಂಸಾರ ಹೂಡಿದವರ ಮುಖ ಕೊನೆಕೊನೆಗೆ ಹೀಗೇ ಆಗುತ್ತದೆ ಅಂತ ನನ್ನ ಅನುಮಾನ.

ಅವನ 'ಒನ್ ವೀಕ್' 1920ರದ್ದು. ಹೊಸದಾಗಿ ಮದುವೆಯಾದ ಜೋಡಿಗೆ ಉಡುಗೊರೆಯಾಗಿ ಒಂದು ಮನೆ ಸಿಗುತ್ತದೆ. ಮನೆ ಅಂದರೆ ಪೆಟ್ಟಿಗೆಗಳಲ್ಲಿ ತುಂಬಿದ ಹಲಗೆಗಳು, ನಂಬರಿನ ಪ್ರಕಾರ ಜೋಡಿಸಿಕೊಳ್ಳಬೇಕು. ಇದು ಬರೀ ಕಲ್ಪನೆಯಲ್ಲ, ಆ ಕಾಲದಲ್ಲಿ ಅಮೆರಿಕದ ಸಿಯರ್ಸ್ ಕಂಪನಿ ಇಂಥ ಮನೆಗಳನ್ನು ಅಂಚೆಯ ಆರ್ಡರಿನ ಮೇಲೆ ಮಾರುತ್ತಿತ್ತು. ಹುಡುಗಿಯನ್ನು ಕಳೆದುಕೊಂಡ ಹಳೆಯ ಪ್ರೇಮಿ ಹೊಟ್ಟೆಕಿಚ್ಚಿಗೆ ಪೆಟ್ಟಿಗೆಗಳ ನಂಬರು ಅದಲುಬದಲು ಮಾಡಿಬಿಡುತ್ತಾನೆ. ಎದ್ದು ನಿಂತ ಮನೆ ಸೊಟ್ಟ. ಬಾಗಿಲು ಇರಬೇಕಾದಲ್ಲಿ ಇಲ್ಲ, ಗೋಡೆ ತಿರುಗುತ್ತೆ. ಬಿರುಗಾಳಿ ಬಂದಾಗ ಇಡೀ ಮನೆ ಬುಗುರಿಯ ಹಾಗೆ ಸುತ್ತುತ್ತೆ, ಬಂದ ನೆಂಟರು ಕಿಟಕಿಯಿಂದ ಹೊರಕ್ಕೆ ಹಾರುತ್ತಾರೆ. ಇಷ್ಟೆಲ್ಲ ಆದ ಮೇಲೆ ಗೊತ್ತಾಗುತ್ತದೆ, ಕಟ್ಟಿದ್ದೇ ತಪ್ಪು ನಿವೇಶನದಲ್ಲಿ! ಮನೆಯನ್ನು ಎಳೆದುಕೊಂಡು ಹೊರಟರೆ ಅದು ರೈಲು ಹಳಿಯ ಮೇಲೆ ಸಿಕ್ಕಿಬೀಳುತ್ತದೆ. ರೈಲು ಬರುತ್ತಿದೆ. ಇಬ್ಬರೂ ಕಣ್ಣುಮುಚ್ಚುತ್ತಾರೆ. ರೈಲು ಪಕ್ಕದ ಹಳಿಯಲ್ಲಿ ಹೋಗುತ್ತದೆ. ಅಬ್ಬಾ ಅಂತ ಉಸಿರು ಬಿಡುವಷ್ಟರಲ್ಲಿ ಆ ಕಡೆಯಿಂದ ಇನ್ನೊಂದು ರೈಲು ಬಂದು ಮನೆಯನ್ನು ಚಿಂದಿ ಮಾಡಿ ಹೋಗುತ್ತದೆ. ಕೀಟನ್ 'ಮಾರಾಟಕ್ಕಿದೆ' ಅನ್ನುವ ಫಲಕ ನೆಟ್ಟು, ಅದಕ್ಕೆ ಜೋಡಣೆಯ ಸೂಚನಾ ಹಾಳೆಯನ್ನೂ ಸಿಕ್ಕಿಸಿ, ಹೆಂಡತಿಯ ಕೈ ಹಿಡಿದು ನಡೆದುಬಿಡುತ್ತಾನೆ. ಆ ಸೂಚನಾ ಹಾಳೆ ಇದೆಯಲ್ಲ, ಅಲ್ಲಿ ಕೀಟನ್ ಯಾರು ಅಂತ ಗೊತ್ತಾಗುತ್ತೆ.

ಮುಂಬಯಿಯಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಮನೆ ಬದಲಾಯಿಸುತ್ತ ಬಂದವರು, ಡೊಂಬಿವಿಲಿಯಿಂದ ಬದಲಾಪುರಕ್ಕೆ ಟೆಂಪೋದಲ್ಲಿ ಬೀರು-ಗ್ಯಾಸು ಸಾಗಿಸಿದವರು ಇದನ್ನು ಹೆಂಡತಿಯ ಜೊತೆ ಕೂತು ನೋಡಬೇಕು. ಈ ಚಿತ್ರದ ಹೆಂಡತಿ ಸಿಬಿಲ್ ಸೀಲಿ ಗೊಂಬೆಯಲ್ಲ. ಅವಳೂ ಕೆಲಸ ಮಾಡುತ್ತಾಳೆ, ಮನೆ ಎಳೆಯುವಾಗಲೂ ಜೊತೆಗಿದ್ದಾಳೆ. ಇದು ಆ ಕಾಲದ ಹಾಸ್ಯಚಿತ್ರಗಳಲ್ಲಿ ಅಪರೂಪ. 1922ರ 'ಕಾಪ್ಸ್'ನಲ್ಲೂ ಕೀಟನ್ ಮನೆ ಸಾಮಾನು ತುಂಬಿದ ಗಾಡಿ ಹೊಡೆಯುತ್ತಾ ಊರಿನ ಪೊಲೀಸ್ ಮೆರವಣಿಗೆಯ ನಡುವೆ ನುಗ್ಗಿಬಿಡುತ್ತಾನೆ, ಆಮೇಲೆ ನೂರಾರು ಪೊಲೀಸರು ಬೆನ್ನು ಹತ್ತುತ್ತಾರೆ. ಅದರ ಕೊನೆಯ ಚಿತ್ರ ಒಂದು ಸಮಾಧಿಯ ಕಲ್ಲು, ಮೇಲೆ ಅವನ ಟೊಪ್ಪಿ. ಮಕ್ಕಳು ನಗುತ್ತಾರೆ, ದೊಡ್ಡವರಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ.

ಈಗ ಆ 'ಗಡಿ ಇಲ್ಲದ ನಗು'ವಿನ ಲೆಕ್ಕ ಕೇಳೋಣ. ಉಚ್ಚಾರದ ದಾರಿ ಮುಚ್ಚಿತ್ತು ಅಂದೆ. ಆದರೆ ಚರ್ಮದ ಬಣ್ಣದ ದಾರಿ ತೆರೆದೇ ಇತ್ತು. ಕೀಟನ್‌ನ 'ನೈಬರ್ಸ್' (1920) ತೆಗೆದುಕೊಳ್ಳಿ. ಬೆನ್ನಿಗೆ ಬೆನ್ನು ಹಚ್ಚಿದ ಎರಡು ವಠಾರಗಳು, ನಡುವೆ ಒಂದು ಬೇಲಿ, ಬೇಲಿಯ ತೂತಿನಲ್ಲಿ ಹುಡುಗ ಹುಡುಗಿ ಚೀಟಿ ದಾಟಿಸುತ್ತಾರೆ. ಗಿರಗಾಂವದ ಚಾಳಿನಲ್ಲೇ ತೆಗೆದಹಾಗಿದೆ. ಕೊನೆಗೆ ಮೂರು ಜನ ಒಬ್ಬರ ಹೆಗಲ ಮೇಲೊಬ್ಬರು ನಿಂತು, ಮೂರು ಮಹಡಿಯ ಮೂರು ಕಿಟಕಿಯಿಂದ ಒಟ್ಟಿಗೆ ಹೊರಬಂದು ಅಂಗಳ ದಾಟುವ ದೃಶ್ಯಕ್ಕೆ ಸಾಟಿಯಿಲ್ಲ. ಆದರೆ ಅದೇ ಚಿತ್ರದಲ್ಲಿ ಕೀಟನ್‌ನ ಮುಖ ಕಪ್ಪಾದ ಕೂಡಲೇ ಪೊಲೀಸನ ಕಣ್ಣಿಗೆ ಅವನು ಬೇರೆ ಮನುಷ್ಯ, ಹಿಡಿಯಬೇಕಾದ ಮನುಷ್ಯ ಆಗುತ್ತಾನೆ. ಇಲ್ಲಿ ನಗು ಪೊಲೀಸನ ಮೇಲೋ, ಕಪ್ಪು ಮುಖದ ಮೇಲೋ? ಚಿತ್ರದ ಪರ ವಾದಿಸುವವರು ಪೊಲೀಸನ ಮೇಲೆ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಪ್ಪು ಜನರನ್ನು ಹೆದರುಪುಕ್ಕಲರಾಗಿ, ಚೀನೀಯರನ್ನು ಕುತಂತ್ರಿಗಳಾಗಿ ತೋರಿಸುವುದು ಆ ಕಾಲದ ಎಷ್ಟೋ ಹಾಸ್ಯಚಿತ್ರಗಳಲ್ಲಿ ಮಾಮೂಲು. ಪಿಳ್ಳೈ ಮೇಷ್ಟ್ರ ಜಾಗದಲ್ಲಿ ಒಮ್ಮೆಯಾದರೂ ಕೂತವರು ಇದನ್ನು 'ಆ ಕಾಲ ಹಾಗಿತ್ತು' ಅಂತ ದಾಟಿಸಿಬಿಡಬಾರದು. ಹಾಗಂತ ಚಿತ್ರವನ್ನೇ ನೋಡಬೇಡಿ ಅನ್ನುವುದಿಲ್ಲ. ಆ ಗಳಿಗೆಯಲ್ಲಿ ಪಕ್ಕದವರು ನಗುತ್ತಾರೋ ಇಲ್ಲವೋ ಅದನ್ನೂ ನೋಡಿ.

ಹೆರಾಲ್ಡ್ ಲಾಯ್ಡ್‌ನ ಬಗ್ಗೆ ಒಂದೇ ಮಾತು: ಕಟ್ಟಡದ ಉಕ್ಕಿನ ತೊಲೆಗಳ ಮೇಲೆ ಅವನು ಪರದಾಡುವ 'ನೆವರ್ ವೀಕನ್' (1921) ನೋಡಿ, ಎದೆ ಗಟ್ಟಿ ಇದ್ದರೆ. 1919ರಲ್ಲಿ ಚಿತ್ರ ತೆಗೆಸುವಾಗ ಬಾಂಬು ಸಿಡಿದು ಅವನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಹೋಗಿದ್ದವು ಅನ್ನುವುದನ್ನು ನೆನಪಿಟ್ಟುಕೊಂಡು ನೋಡಿದರೆ ಇನ್ನೂ ಭಯ. ಆದರೆ ಲಾಯ್ಡ್ ಮುಂದೆ ಬರುವ ಹುಮ್ಮಸ್ಸಿನ ಹುಡುಗ, ಊರು ಅವನದೇ. ನಮ್ಮ ಪಂಕ್ತಿಯವನಲ್ಲ.

ಲಾರೆಲ್ ಮತ್ತು ಹಾರ್ಡಿ ಜೋಡಿಯ 'ಬಿಗ್ ಬಿಸಿನೆಸ್' (1929) ಮಾತ್ರ ಪ್ರತಿಯೊಂದು ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆಗೆ ಮುಂಚೆ ಕಡ್ಡಾಯವಾಗಿ ತೋರಿಸಬೇಕಾದ ಚಿತ್ರ. ಬಿಸಿಲು ಕಾಯುವ ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಕ್ರಿಸ್‌ಮಸ್ ಮರ ಮಾರುತ್ತಿದ್ದಾರೆ. ಜೇಮ್ಸ್ ಫಿನ್ಲೇಸನ್ ಎಂಬ ಮನೆಯೊಡೆಯನಿಗೆ ಮರ ಬೇಡ. ಬಾಗಿಲಿಗೆ ಮರದ ರೆಂಬೆ ಸಿಕ್ಕಿಬಿದ್ದದ್ದರಿಂದ ಶುರುವಾದ ಜಗಳ, ಅವನು ಇವರ ಕಾರನ್ನು ಪುಡಿಮಾಡುವುದು, ಇವರು ಅವನ ಮನೆಯನ್ನು ಕೆಡಹುವುದು, ಅಲ್ಲಿಗೆ ಹೋಗಿ ಮುಟ್ಟುತ್ತದೆ. ಇದರ ಸೊಗಸು ಅವಸರ ಇಲ್ಲದಿರುವುದರಲ್ಲಿದೆ. ಒಬ್ಬ ಹಾಳುಮಾಡುವಾಗ ಇನ್ನೊಬ್ಬ ತಡೆಯುವುದಿಲ್ಲ, ನಿಂತು ನೋಡುತ್ತಾನೆ. ಪೂರ್ತಿ ಮುಗಿದ ಮೇಲೆ ತನ್ನ ಸರದಿ ತೆಗೆದುಕೊಳ್ಳುತ್ತಾನೆ. ಸುತ್ತ ಜನ ಸೇರಿದ್ದಾರೆ. ಪೊಲೀಸನೊಬ್ಬ ಕಾರಿನಲ್ಲಿ ಕೂತು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾನೆ! ನಮ್ಮ ಕಟ್ಟಡದ ಸಭಾಗೃಹದಲ್ಲಿ ಒಂದು ಭಾನುವಾರ ಇದನ್ನು ಹಾಕಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಸೊಸೈಟಿಯ ಸೆಕ್ರೆಟರಿ. ಪಾರ್ಕಿಂಗ್ ವಿಷಯದಲ್ಲಿ ಅವರೂ ಮೂರನೇ ಮಹಡಿಯವರೂ ಆರು ತಿಂಗಳಿಂದ ಮಾತು ಬಿಟ್ಟಿದ್ದರು. ನಕ್ಕ ಮೇಲೂ ಮಾತಾಡಲಿಲ್ಲ, ಅದು ಬೇರೆ ವಿಷಯ.

ಮಾತು ಬಂದಾಗ ಈ ಜೋಡಿಗೇ ಆದ ಪಾಡು ಕೇಳಿ. ಲಾರೆಲ್ ಇಂಗ್ಲೆಂಡಿನವನು, ಚಾಪ್ಲಿನ್ ಜೊತೆ ಅದೇ ಕಾರ್ನೋ ಕಂಪನಿಯಲ್ಲಿ ಬಂದವನು. ಮೂಕಿಯಾಗಿದ್ದಾಗ ಇವರ ಚಿತ್ರ ಎಲ್ಲಿ ಬೇಕಾದರೂ ಹೋಗುತ್ತಿತ್ತು, ನಡುವಿನ ಬರಹ ಬದಲಿಸಿದರೆ ಆಯಿತು. ಟಾಕಿ ಬಂದ ಮೇಲೆ, 1930ರ ಸುಮಾರಿಗೆ, ಒಂದೇ ಚಿತ್ರವನ್ನು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಅಂತ ಮತ್ತೆ ಮತ್ತೆ ನಟಿಸಬೇಕಾಯಿತು. ಅರ್ಥ ಗೊತ್ತಿಲ್ಲದ ಮಾತುಗಳನ್ನು ಉಚ್ಚಾರಕ್ಕೆ ತಕ್ಕಂತೆ ಹಲಗೆಯ ಮೇಲೆ ಬರೆಸಿ, ಕ್ಯಾಮೆರಾದ ಆಚೆ ಇಡಿಸಿ, ಓದಿಕೊಂಡು ಹೇಳಿದರು. ಮರಾಠಿಯ ನಾಲ್ಕು ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ರೇಷನ್ ಕಚೇರಿಗೆ ಹೋಗುತ್ತಿದ್ದ ನಮ್ಮ ಹಿರಿಯರ ಹಾಗೆ! ಇಟಲಿಯವರಿಗೆ ಇವರ ಆ ಉಚ್ಚಾರವೇ ತಮಾಷೆಯಾಗಿ ಕಂಡು, ಮುಂದೆ ಅಲ್ಲಿ ಬೇರೆ ನಟರಿಂದ ಕಂಠದಾನ ಮಾಡಿಸಿದಾಗಲೂ ಇಂಗ್ಲಿಷರ ಒರಟು ಇಟಾಲಿಯನ್ನನ್ನೇ ಉಳಿಸಿಕೊಂಡರು. ಅಂತೂ ಮಾತು ಬಂದದ್ದೇ ಇವರೂ ಮಾಸ್ಟರ್ ಪಿಳ್ಳೈಗಳಾದರು.

ನಮ್ಮಲ್ಲೂ ಹೀಗೇ. ಫಾಲ್ಕೆಯವರು ಪುರಾಣದ ಚಿತ್ರಗಳ ಜೊತೆಗೆ 'ಪೀಠಾಚೆ ಪಂಜೆ'ಯಂಥ ಕಿರು ಹಾಸ್ಯಚಿತ್ರವನ್ನೂ ಮಾಡಿದ್ದರು. ಆಗ ಪರದೆಯ ಬರಹಗಳು ಎರಡು ಮೂರು ಭಾಷೆಯಲ್ಲಿ ಬರುತ್ತಿದ್ದವು. ಓದಲು ಬಂದವರು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್‌ನಲ್ಲಿ 'ಆಲಂ ಆರಾ' ಬಂತು, ಸಿನಿಮಾ ಭಾಷೆವಾರು ಆಯಿತು. 1934ರಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತಯಾರಾದದ್ದು ಕೊಲ್ಹಾಪುರದಲ್ಲಿ. ನಮ್ಮ ಸಿನಿಮಾ ಬಾಯಿ ಬಿಟ್ಟದ್ದೇ ಹೊರನಾಡಿನಲ್ಲಿ ಅನ್ನಬಹುದು.

ಕಾಲ ಬೇರೆಯಾದರೂ ಈ ಸಾಲಿಗೆ ಸೇರಿಸಲೇಬೇಕಾದ ಚಿತ್ರ ಇನ್ನೊಂದಿದೆ: 1987ರ 'ಪುಷ್ಪಕ ವಿಮಾನ'. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ, ಶೃಂಗಾರ್ ನಾಗರಾಜ್ ಸಹ ನಿರ್ಮಾಪಕರು, ಬೆಂಗಳೂರಿನಲ್ಲೇ ಚಿತ್ರೀಕರಣ. ಸದ್ದು ಉಂಟು, ಮಾತಿಲ್ಲ. ಕಿರುಚಿತ್ರವಲ್ಲ, ಎರಡು ಗಂಟೆ ದಾಟುತ್ತೆ. ಗಿಫ್ಟ್ ಪ್ಯಾಕಿನ ಹೊಲಸು ತಮಾಷೆಯನ್ನು ಅಷ್ಟು ಎಳೆಯಬಾರದಿತ್ತು. ಆದರೆ ಲಾಡ್ಜಿನ ಭಾಗ ಇದೆಯಲ್ಲ, ಅದು ಅಪ್ಪಟ ಎರಡು ರೀಲಿನ ಚಿತ್ರ. ಬೆಳಗಿನ ಸ್ನಾನಕ್ಕೆ ಸಾಲು, ಕೆಲಸಕ್ಕೆ ಸಾಲು, ಪಕ್ಕದಲ್ಲೇ ಸಿನಿಮಾ ಟಾಕೀಸಿನ ಗದ್ದಲ. ಇದೇ ನಿರುದ್ಯೋಗಿ ಇನ್ನೊಬ್ಬನ ಹೆಸರಿನಲ್ಲಿ ಪಂಚತಾರಾ ಹೋಟೆಲಿಗೆ ಹೋದಾಗ ಅಲ್ಲಿಯ ನಿಶ್ಶಬ್ದದಲ್ಲಿ ನಿದ್ದೆ ಬರುವುದಿಲ್ಲ; ಹಳೆಯ ಕೋಣೆಗೆ ಬಂದು ಆ ಟಾಕೀಸಿನ ಗದ್ದಲವನ್ನೇ ಟೇಪಿನಲ್ಲಿ ಹಿಡಿದುಕೊಂಡು ಹೋಗಿ, ಹಾಕಿಕೊಂಡು ಮಲಗುತ್ತಾನೆ. ಊರಿಗೆ ಹೋದಾಗ ಲೋಕಲ್ ರೈಲಿನ ಸದ್ದಿಲ್ಲದೆ ರಾತ್ರಿಯೆಲ್ಲ ಹೊರಳಾಡುವ ಮುಂಬಯಿ ಕನ್ನಡಿಗರು ಎಷ್ಟು ಜನ ಇಲ್ಲ!

ಈ ಚಿತ್ರವನ್ನು ನಾವು ಕಟ್ಟಡದಲ್ಲಿ ಹಾಕಿದಾಗ ಒಂದು ತಕರಾರು ಎದ್ದಿತು. ಎದುರು ಮನೆಯ ತಮಿಳರು ಇದು 'ಪೇಸುಂ ಪಡಂ', ನಮ್ಮ ಚಿತ್ರ ಅಂದರು. ಮರಾಠಿ ಅಜ್ಜಿ ತಾನು ಇದನ್ನು 'ಪುಷ್ಪಕ್' ಅಂತ ಟೀವಿಯಲ್ಲಿ ನೋಡಿದ್ದೇನೆ, ಹಿಂದಿಯದೇ ಸರಿ ಅಂದರು. ಕನ್ನಡದ್ದು ಅಂತ ನಾನು. ಒಂದೂ ಮಾತಿಲ್ಲದ ಚಿತ್ರ ಯಾವ ಭಾಷೆಯದು ಅಂತ ಅರ್ಧ ತಾಸು, ಮೂರು ಭಾಷೆಯಲ್ಲಿ ಜಗಳ ನಡೆಯಿತು.

ನೋಡುವವರಿಗೆ ಒಂದೆರಡು ಸೂಚನೆ. ಇವುಗಳ ಹಾಳು ಪ್ರತಿಗಳೇ ಎಲ್ಲ ಕಡೆ ತುಂಬಿವೆ. ಜನ ಗೊಂಬೆಗಳ ಹಾಗೆ ಪಟಪಟ ಓಡುತ್ತಿದ್ದರೆ ಅದು ಬಹಳ ಸಲ ಮೂಲ ಚಿತ್ರದ ದೋಷ ಅಲ್ಲ, ನಿಧಾನ ವೇಗಕ್ಕೆ ತೆಗೆದದ್ದನ್ನು ಟಾಕಿಯ ವೇಗಕ್ಕೆ ಓಡಿಸಿದ ತಪ್ಪು. ಬೊಲೋನ್ಯಾದ ಚಿತ್ರಭಂಡಾರದವರು ಮತ್ತು ಪ್ಯಾರಿಸ್ಸಿನ ಲಾಬ್‌ಸ್ಟರ್‌ನವರು ಸೇರಿ ಸರಿಪಡಿಸಿದ ಚಾಪ್ಲಿನ್ ಪ್ರತಿಗಳಿವೆ, ಅವನ್ನೇ ಹುಡುಕಿ. ಬೇರೆ ಭಾಷೆಯ ನೆರೆಯವರನ್ನು ಕರೆಯುವುದಿದ್ದರೆ 'ಒನ್ ವೀಕ್'ನಿಂದ ಶುರುಮಾಡಿ, 'ದಿ ಇಮಿಗ್ರೆಂಟ್' ಎರಡನೆಯದಾಗಿರಲಿ. ಪಿಯಾನೊ ಸಂಗೀತ ತೀರಾ ತಲೆ ತಿನ್ನುತ್ತಿದ್ದರೆ ದನಿ ಪೂರ್ತಿ ಕಡಿಮೆ ಮಾಡಿಬಿಡಿ, ಚಿತ್ರಕ್ಕೇನೂ ಆಗುವುದಿಲ್ಲ.